ಒಳಗೆ ಕೂತವರು, ಹೊರಗೆ ನಿಂತವರು

2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದೇ ವಿಡಿಯೋ ಮತ್ತೆ ಮತ್ತೆ ಬಂತು. ಉತ್ತರಾದಿ ಮಠದ ಸತ್ಯಾತ್ಮತೀರ್ಥ ಸ್ವಾಮೀಜಿ ಡ್ರೈವರ್ ಇಲ್ಲದ ಕಾರಿನಲ್ಲಿ ಕೂತಿದ್ದಾರೆ, ಕಾರು ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿದೆ. ವಿಪ್ರೋ, ಐಐಎಸ್‌ಸಿ, ಆರ್.ವಿ. ಕಾಲೇಜು ಮೂರೂ ಸೇರಿ ಮಾಡುತ್ತಿರುವ ‘ವಿರಿನ್’ ಎಂಬ ಕಾರು ಅದು. ವಿಡಿಯೋ ನೋಡಿದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ‘ನಿಮ್ಮೂರಲ್ಲಿ ಇಂಥವು ದಿನಾ ಓಡಾಡ್ತವಂತಲ್ಲ, ಹೆದರಿಕೆ ಆಗಲ್ವೇನೇ?’ ಅಂತ ದೊಡ್ಡಮ್ಮ ವಾಯ್ಸ್ ಮೆಸೇಜ್ ಕಳಿಸಿದರು.

ಅದಕ್ಕೆ ಹೌದು, ಇಲ್ಲ ಅಂತ ಒಂದು ಮಾತಲ್ಲಿ ಹೇಳಲು ನನಗೆ ಆಗಲಿಲ್ಲ. ಈ ಊರಿನಲ್ಲಿ ನಾನು ನೋಡಿದ ಮಟ್ಟಿಗೆ, ಈ ಕಾರುಗಳ ಬಗ್ಗೆ ಜನರ ಅಭಿಪ್ರಾಯ ಅವರ ವಯಸ್ಸಿನ ಮೇಲೋ ಓದಿನ ಮೇಲೋ ನಿಂತಿಲ್ಲ. ಅವರು ಕಾರಿನ ಒಳಗೆ ಕೂತಿದ್ದಾರಾ, ಹೊರಗೆ ನಿಂತಿದ್ದಾರಾ ಅನ್ನುವುದರ ಮೇಲೆ ನಿಂತಿದೆ. ನಾನು ಎರಡೂ ಕಡೆ ಇರುತ್ತೇನೆ, ಹಾಗಾಗಿ ನನ್ನ ಅಭಿಪ್ರಾಯವೂ ದಿನಕ್ಕೆ ಎರಡು ಸಲ ಬದಲಾಗುತ್ತೆ.

ಮೊದಲು ಒಳಗಿನ ಕಥೆ. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಸಂಜೆ ಪಾಳಿ ಮಾಡುತ್ತೇನೆ. ಕೆಲಸ ಮುಗಿಯುವಾಗ ರಾತ್ರಿ ಹನ್ನೆರಡಾಗುತ್ತೆ. ಬಸ್ಸಿಗೆ ಕಾಯಲು ಧೈರ್ಯ ಸಾಲದ ದಿನ ವೇಮೋ ಕಂಪನಿಯ ಡ್ರೈವರ್ ಇಲ್ಲದ ಬಾಡಿಗೆ ಕಾರು ಕರೆಸುತ್ತೇನೆ. ಬಿಳಿ ಜಾಗ್ವಾರ್ ಕಾರು. ಕಾರಿನ ತಲೆಯ ಮೇಲೆ ಗುಮ್ಮಟದ ಹಾಗೆ ಒಂದು ಕಪ್ಪು ಬುರುಡೆ, ಅದರಲ್ಲಿ ನನ್ನ ಹೆಸರಿನ ಅಕ್ಷರ ಹೊಳೆಯುತ್ತಿರುತ್ತೆ. ಹಾಗಾಗಿ ಸಾಲಾಗಿ ಬಂದ ಬಿಳಿ ಕಾರುಗಳಲ್ಲಿ ನನ್ನದು ಯಾವುದು ಅಂತ ಹುಡುಕುವ ಕೆಲಸವಿಲ್ಲ. ಹಿಂದೆ ಕೂತು ಬೆಲ್ಟ್ ಹಾಕಿದರೆ ಹೊರಡುತ್ತೆ. ಮುಂದೆ ಸ್ಟೀರಿಂಗ್ ತಾನೇ ತಿರುಗುತ್ತೆ. ಸೀಟಿನ ಎದುರು ಒಂದು ಪರದೆ. ಕಾರಿಗೆ ಸುತ್ತಮುತ್ತ ಏನೇನು ಕಾಣುತ್ತಿದೆ ಅನ್ನುವುದನ್ನು ಅದರಲ್ಲಿ ತೋರಿಸುತ್ತೆ. ಪಕ್ಕದ ಲೇನಿನ ಕಾರುಗಳು ಪೆಟ್ಟಿಗೆಗಳಾಗಿ, ಫುಟ್‌ಪಾತಿನ ಜನ ಸಣ್ಣ ಗೊಂಬೆಗಳಾಗಿ. ಮರದ ಕೆಳಗಿನ ಕತ್ತಲಲ್ಲಿ ನನ್ನ ಕಣ್ಣಿಗೇ ಕಾಣದೆ ನಿಂತವರೂ ಅಲ್ಲಿ ಬರುತ್ತಾರೆ. ಲೇಸರ್ ಕಿರಣ ಬಿಟ್ಟು ಅಳೆಯುವ ಯಂತ್ರಕ್ಕೆ ಕತ್ತಲೆ ಲೆಕ್ಕಕ್ಕಿಲ್ಲವಲ್ಲ.

ಮಾತಾಡುವವರು ಯಾರೂ ಇಲ್ಲ. ಇದನ್ನು ಬೇಸರದ ಸಂಗತಿ ಅಂತ ಗಂಡಸರು ಹೇಳುತ್ತಾರೆ. ಮಧ್ಯರಾತ್ರಿ ಒಬ್ಬಳೇ ಹೋಗುವಾಗ ‘ಮನೇಲಿ ಯಾರ್ಯಾರಿದ್ದೀರಿ, ಮದುವೆ ಆಗಿದೆಯಾ’ ಅಂತ ಕನ್ನಡಿಯಲ್ಲಿ ನೋಡುತ್ತಾ ಕೇಳುವವರು ಇಲ್ಲದಿರುವುದಕ್ಕೆ ಎರಡು ಡಾಲರ್ ಜಾಸ್ತಿ ಕೊಡಲು ನಾನಂತೂ ತಯಾರು. ನನ್ನ ಜೊತೆ ಕೆಲಸ ಮಾಡುವ ಹೆಂಗಸರಲ್ಲಿ ಬಹಳ ಜನ ಇದೇ ಮಾತು ಹೇಳುತ್ತಾರೆ. ಹಾಗಂತ ಪೂರ್ತಿ ಭದ್ರ ಅನ್ನುವ ಹಾಗೂ ಇಲ್ಲ. 2024ರಲ್ಲಿ ಇದೇ ಊರಲ್ಲಿ ಇಬ್ಬರು ಗಂಡಸರು ವೇಮೋಗೆ ಅಡ್ಡ ನಿಂತು, ಒಳಗಿದ್ದ ಹೆಂಗಸಿನ ಫೋನ್ ನಂಬರ್ ಕೇಳಿದ್ದರು. ಮುಂದೆ ಜನ ನಿಂತಿದ್ದರೆ ಕಾರು ಹೆಜ್ಜೆ ಎತ್ತುವುದಿಲ್ಲ. ಮನುಷ್ಯ ಡ್ರೈವರ್ ಆಗಿದ್ದರೆ ಹಾರ್ನ್ ಬಾರಿಸಿ, ರಿವರ್ಸ್ ತೆಗೆದುಕೊಂಡು ಹೇಗೋ ಪಾರಾಗುತ್ತಿದ್ದ.

ನಮ್ಮತ್ತೆ ದಾವಣಗೆರೆಯಿಂದ ಬಂದಿದ್ದಾಗ ಅವರನ್ನೂ ಕೂರಿಸಿಕೊಂಡು ಹೋದೆ. ಗೋಲ್ಡನ್ ಗೇಟ್ ಪಾರ್ಕ್ ಪಕ್ಕದ ಲಿಂಕನ್ ವೇಯಲ್ಲಿ ಸ್ಟೀರಿಂಗ್ ಮೊದಲ ಸಲ ಸುತ್ತಿದಾಗ ನನ್ನ ತೊಡೆ ಹಿಡಿದುಕೊಂಡರು. ‘ಅಯ್ಯೋ ತಿರುಗ್ತಾ ಇದೆ ನೋಡೇ!’ ಐದು ನಿಮಿಷ ಆಗಿರಬೇಕು, ಒಂದು ಸಾಮಾನಿನ ಲಾರಿ ದಾರಿಗೆ ಅಡ್ಡ ನಿಂತಿತ್ತು. ನಮ್ಮ ಕಾರು ಹೊಸ ಅಳಿಯನ ಹಾಗೆ ಸಂಕೋಚಪಟ್ಟುಕೊಂಡು ಅದರ ಹಿಂದೆ ನಿಂತಿತು. ಆಮೇಲೆ ನಿಧಾನಕ್ಕೆ ಮೂತಿ ಹೊರಗೆ ಹಾಕಿ, ಎದುರಿಂದ ಯಾರೂ ಬರುತ್ತಿಲ್ಲ ಅಂತ ನೋಡಿಕೊಂಡು ದಾಟಿತು. ಅಷ್ಟರಲ್ಲಿ ಅತ್ತೆಯ ಭಯ ಹೋಗಿ ಅಸಹನೆ ಶುರುವಾಗಿತ್ತು. ‘ಇಷ್ಟು ನಿಧಾನ ಹೋದ್ರೆ ಮಂಗಳಾರತಿ ಹೊತ್ತಿಗೆ ಮುಟ್ತೀವಾ?’ ನಾವು ಹೊರಟಿದ್ದು ಮ್ಯೂಸಿಯಮ್ಮಿಗೆ. ಉಳಿದ ದಾರಿಯಲ್ಲಿ ನಾದಿನಿಗೆ ಫೋನ್ ಮಾಡಿ ಹುಣಸೆಹಣ್ಣಿನ ವಿಚಾರ ಮಾತಾಡಿದರು.

ಒಳಗೆ ಕೂತವರೆಲ್ಲರ ಕಥೆಯೂ ಹೀಗೇ. ಮೊದಲು ಗಾಬರಿ, ಆಮೇಲೆ ಒಂದು ವಿಡಿಯೋ, ಆಮೇಲೆ ಫೋನು. ಅಮೆರಿಕದ ವಾಹನ ಸವಾರರ ಸಂಘ ಎಎಎ ಪ್ರತಿ ವರ್ಷ ಸಮೀಕ್ಷೆ ಮಾಡುತ್ತೆ. 2025ರಲ್ಲಿ ತಾನೇ ಓಡುವ ಕಾರಿನಲ್ಲಿ ನಂಬಿ ಕೂರುತ್ತೇನೆ ಅಂದವರು ನೂರಕ್ಕೆ 13 ಜನ. ಹಿಂದಿನ ವರ್ಷ 9 ಇತ್ತು. ಭಯ ಆಗುತ್ತೆ ಅಂದವರು ನೂರಕ್ಕೆ 60ರ ಆಸುಪಾಸು. ದೇಶದ ಬಹುತೇಕ ಊರುಗಳಲ್ಲಿ ಈ ಕಾರು ಇಲ್ಲವೇ ಇಲ್ಲ. ಅಂದರೆ ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಕಂಡಿರುವುದು ವಿಡಿಯೋ ಮಾತ್ರ, ನಮ್ಮ ದೊಡ್ಡಮ್ಮನ ಹಾಗೆ.

ಮ್ಯೂಸಿಯಮ್ಮಿನಿಂದ ವಾಪಸ್ ಬರುವಾಗ ಅತ್ತೆ, ನಾನು ನಡೆದುಕೊಂಡು ಬಂದೆವು. ಸಿಗ್ನಲ್ ಇಲ್ಲದ ಒಂದು ತಿರುವಿನಲ್ಲಿ ರಸ್ತೆ ದಾಟಬೇಕಿತ್ತು. ಅದೇ ಥರದ ಬಿಳಿ ಕಾರು ಬಂದು ನಮಗಾಗಿ ನಿಂತಿತು. ಅತ್ತೆ ಫುಟ್‌ಪಾತ್ ಬಿಟ್ಟು ಇಳಿಯಲಿಲ್ಲ. ‘ಬನ್ನಿ ಅತ್ತೆ, ನಿಂತಿದೆಯಲ್ಲ’ ಅಂದೆ.

‘ನಿಂತಿರೋದು ಕಾಣ್ತಿದೆ. ನಮ್ಮನ್ನ ನೋಡಿ ನಿಂತಿದೆಯೋ, ಸುಮ್ನೆ ನಿಂತಿದೆಯೋ?’

ಅವತ್ತೇ ಮ್ಯೂಸಿಯಮ್ಮಿಗೆ ಹೋಗುವಾಗ ಅಂಥದ್ದರ ಹೊಟ್ಟೆಯಲ್ಲಿ ಕೂತು ಹುಣಸೆಹಣ್ಣಿನ ರೇಟು ಮಾತಾಡಿದವರು ಇವರೇ. ದಾವಣಗೆರೆಯ ಪಿ.ಬಿ. ರೋಡನ್ನು ಇವರು ದಾಟುವುದನ್ನು ನಾನು ನೋಡಿದ್ದೇನೆ. ಬಲಗೈ ಮುಂದೆ ಚಾಚಿ, ಬರುವ ಬಸ್ಸಿನ ಡ್ರೈವರ್ ಮುಖವನ್ನೇ ನೋಡುತ್ತಾ ಹೆಜ್ಜೆ ಹಾಕುತ್ತಾರೆ. ಅವನು ಬ್ರೇಕ್ ಒತ್ತುತ್ತಾನೋ ಇಲ್ಲವೋ ಅನ್ನುವುದು ಅವನ ಮುಖದಲ್ಲೇ ಗೊತ್ತಾಗುತ್ತೆ ಇವರಿಗೆ. ಇಲ್ಲಿ ಕೈ ಚಾಚಿ ನೋಡಿದರೆ ಖಾಲಿ ಸೀಟು. ಈ ತೊಂದರೆ ಕಂಪನಿಗೂ ಗೊತ್ತು. ‘ನೀವು ದಾಟಿ’ ಅನ್ನಲು ಈಗ ತಲೆಯ ಮೇಲಿನ ಬುರುಡೆಯಲ್ಲಿ ನಡೆಯುವ ಮನುಷ್ಯನ ಚಿತ್ರ ಮೂಡಿಸುತ್ತಾರೆ. ಅತ್ತೆಗೆ ಅದನ್ನು ತೋರಿಸಿದೆ. ‘ಚಿತ್ರ ಯಾರು ಬೇಕಾದ್ರೂ ಹಾಕ್ಬಹುದು’ ಅಂದರು. ಕಾರು ಕಾದು ಕಾದು ಹೋಯಿತು. ಅದು ಹೋದ ಮೇಲೇ ನಾವು ದಾಟಿದ್ದು.

ಈ ಊರಿನ ಸಿಟ್ಟೆಲ್ಲ ಹೀಗೆ ಹೊರಗೆ ನಿಂತವರದು. 2023ರಲ್ಲಿ ವೇಮೋ ಮತ್ತು ಜನರಲ್ ಮೋಟರ್ಸ್‌ನ ಕ್ರೂಸ್, ಎರಡೂ ಕಂಪನಿ ಇಲ್ಲಿ ಓಡಿಸುತ್ತಿದ್ದವು. ಆಗ ಕೆಲವು ಹೋರಾಟಗಾರರು ರಸ್ತೆ ಕೆಲಸದವರ ಕಿತ್ತಳೆ ಬಣ್ಣದ ಕೋನ್ ತಂದು ಕಾರಿನ ಬಾನೆಟ್ ಮೇಲೆ ಇಡಲು ಶುರುಮಾಡಿದರು. ಕೋನ್ ಇಟ್ಟರೆ ಸಾಕು, ಕಾರು ಅಲ್ಲೇ ಗರ ಬಡಿದು ನಿಲ್ಲುತ್ತಿತ್ತು. ಲಕ್ಷಾಂತರ ಡಾಲರಿನ ತಂತ್ರಜ್ಞಾನವನ್ನು ಒಂದು ಪ್ಲಾಸ್ಟಿಕ್ ಕೋನ್ ನಿಲ್ಲಿಸುವುದನ್ನು ನೋಡಿ ನಾನೂ ನಕ್ಕಿದ್ದೇನೆ. ಅಗ್ನಿಶಾಮಕ ದಳಕ್ಕೆ ಅದು ನಗುವ ವಿಷಯ ಆಗಿರಲಿಲ್ಲ. ಬೆಂಕಿ ಬಿದ್ದ ಜಾಗಕ್ಕೆ ಈ ಕಾರುಗಳು ನುಗ್ಗುತ್ತವೆ, ಫೈರ್ ಇಂಜಿನ್‌ಗೆ ಅಡ್ಡ ನಿಲ್ಲುತ್ತವೆ ಅಂತ ಆ ವರ್ಷ ಆಗಸ್ಟ್ ಹೊತ್ತಿಗೆ ಅವರು 50ಕ್ಕೂ ಹೆಚ್ಚು ಘಟನೆ ಬರೆದಿಟ್ಟಿದ್ದರು. ಆದರೂ ಆಗಸ್ಟ್ 10ರಂದು ಕ್ಯಾಲಿಫೋರ್ನಿಯಾದ ಸಾರ್ವಜನಿಕ ಸೇವಾ ಆಯೋಗ 3–1 ಮತದಲ್ಲಿ ಎರಡೂ ಕಂಪನಿಗೆ ಹಗಲು ರಾತ್ರಿ ಬಾಡಿಗೆ ಓಡಿಸಲು ಒಪ್ಪಿಗೆ ಕೊಟ್ಟಿತು. ಅದಕ್ಕೆ ಮುಂಚೆ ಆರು ಗಂಟೆಗೂ ಹೆಚ್ಚು ಹೊತ್ತು ಜನ ಒಬ್ಬೊಬ್ಬರಾಗಿ ಬಂದು ಮಾತಾಡಿದ್ದರು. ಕಣ್ಣು ಕಾಣದವರು ಬೇಕು ಅಂದರು, ಟ್ಯಾಕ್ಸಿಯವರು ಬೇಡ ಅಂದರು. ಎರಡೂ ನಿಜವೇ.

ಎರಡೇ ತಿಂಗಳಲ್ಲಿ, ಅಕ್ಟೋಬರ್ 2ರ ರಾತ್ರಿ, ಮಾರ್ಕೆಟ್ ಸ್ಟ್ರೀಟ್ ಹತ್ತಿರ ರಸ್ತೆ ದಾಟುತ್ತಿದ್ದ ಹೆಂಗಸಿಗೆ ಮನುಷ್ಯರೇ ಓಡಿಸುತ್ತಿದ್ದ ಒಂದು ಕಾರು ಗುದ್ದಿತು. ಆಕೆ ಹಾರಿ ಪಕ್ಕದ ಲೇನಿನ ಕ್ರೂಸ್ ಕಾರಿನ ಕೆಳಗೆ ಬಿದ್ದರು. ಕ್ರೂಸ್ ನಿಂತಿತು. ಆಮೇಲೆ ರಸ್ತೆ ಬದಿಗೆ ಸರಿಯಬೇಕು ಅಂತ ಲೆಕ್ಕ ಹಾಕಿ, ಆಕೆಯನ್ನು 20 ಅಡಿ ಎಳೆದುಕೊಂಡು ಹೋಯಿತು. ಮೊದಲು ಗುದ್ದಿದ ಡ್ರೈವರ್ ನಿಲ್ಲಿಸದೆ ಪರಾರಿಯಾದರು. ಆ ಡ್ರೈವರ್ ಇವತ್ತು ಯಾರ ನೆನಪಿನಲ್ಲೂ ಇಲ್ಲ, ಕ್ರೂಸ್ ಮಾತ್ರ ಎಲ್ಲರಿಗೂ ನೆನಪಿದೆ. ಇದು ಅನ್ಯಾಯ ಅಂತ ಇಂಜಿನಿಯರುಗಳು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಾರಿನ ಕೆಳಗೆ ಮನುಷ್ಯರಿದ್ದಾರೆ ಅಂತ ಗೊತ್ತಿದ್ದೂ ‘ಸ್ವಲ್ಪ ಸೈಡಿಗೆ ಹಾಕ್ತೀನಿ’ ಅನ್ನುವ ಡ್ರೈವರ್ ಎಲ್ಲೂ ಸಿಗಲಿಕ್ಕಿಲ್ಲ. ಮನುಷ್ಯ ಮಾಡುವ ತಪ್ಪು ನಮಗೆ ಪರಿಚಯದ್ದು. ಇದು ಪರಿಚಯವೇ ಇಲ್ಲದ ತಪ್ಪು. ತಿಂಗಳೊಳಗೆ ಕ್ರೂಸ್ ಪರ್ಮಿಟ್ ಹೋಯಿತು. 2024ರ ಡಿಸೆಂಬರಿನಲ್ಲಿ ಜನರಲ್ ಮೋಟರ್ಸ್ ರೋಬೋ ಟ್ಯಾಕ್ಸಿಯ ಸಹವಾಸವೇ ಬೇಡ ಅಂತ ಕೈ ಎತ್ತಿತು.

ಉಳಿದ ವೇಮೋ ಮೇಲೂ ಪ್ರೀತಿ ಉಕ್ಕಲಿಲ್ಲ. 2024ರ ಫೆಬ್ರವರಿಯಲ್ಲಿ, ಚೀನೀ ಹೊಸ ವರ್ಷದ ಸಂಭ್ರಮದ ನಡುವೆ ಚೈನಾಟೌನ್‌ನಲ್ಲಿ ಜನ ಒಂದು ವೇಮೋ ಕಾರಿನ ಗಾಜು ಒಡೆದು, ಒಳಗೆ ಪಟಾಕಿ ಎಸೆದು ಸುಟ್ಟೇ ಬಿಟ್ಟರು. 2025ರ ಅಕ್ಟೋಬರಿನಲ್ಲಿ ಮಿಷನ್ ಬಡಾವಣೆಯ 16ನೇ ಸ್ಟ್ರೀಟಿನ ಅಂಗಡಿಯ ಬೆಕ್ಕು ಕಿಟ್‌ಕ್ಯಾಟ್ ವೇಮೋ ಚಕ್ರಕ್ಕೆ ಸಿಕ್ಕಿ ಸತ್ತಿತು. ಇಡೀ ಬೀದಿ ಮುದ್ದು ಮಾಡುತ್ತಿದ್ದ ಬೆಕ್ಕು. ಅಂಗಡಿ ಮುಂದೆ ಹೂವು, ಮೇಣದಬತ್ತಿ ರಾಶಿ ಬಿತ್ತು. 2024ರಲ್ಲಿ ಈ ಊರಿನ ರಸ್ತೆಗಳಲ್ಲಿ 40ಕ್ಕೂ ಹೆಚ್ಚು ಮನುಷ್ಯರೇ ಸತ್ತಿದ್ದಾರೆ. ಅವರಲ್ಲಿ ಹೆಚ್ಚಿನವರ ಹೆಸರು ಅವರ ಬೀದಿ ದಾಟಿ ಆಚೆ ಹೋಗಲಿಲ್ಲ. ‘ಒಂದು ಬೆಕ್ಕಿಗೆ ಇಷ್ಟಾ?’ ಅಂತ ನನ್ನ ಲ್ಯಾಬಿನಲ್ಲೇ ಜಗಳ ಆಯಿತು. ವೇಮೋ ಪರ ಇದ್ದವನು ಅಂಕಿ ಅಂಶ ತೆಗೆದ. 5.67 ಕೋಟಿ ಮೈಲಿ ಓಡಿದ ಲೆಕ್ಕದಲ್ಲಿ, ಪಾದಚಾರಿಗಳಿಗೆ ಗಾಯವಾಗುವ ಅಪಘಾತ ಮನುಷ್ಯರ ಚಾಲನೆಗೆ ಹೋಲಿಸಿದರೆ ಶೇ. 92 ಕಡಿಮೆ. ಕಂಪನಿಯವರೇ ಮಾಡಿದ ಅಧ್ಯಯನ, ಆದರೆ ಜರ್ನಲ್‌ನಲ್ಲಿ ಪರಿಶೀಲನೆಯಾಗಿ ಬಂದದ್ದು. ನಾನು ಆ ಸಂಖ್ಯೆಯನ್ನು ನಂಬುತ್ತೇನೆ. ಬೆಕ್ಕಿಗೆ ಅತ್ತವರನ್ನೂ ನಂಬುತ್ತೇನೆ.

ಅವರ ಸಿಟ್ಟಿನ ಬುಡ ಇನ್ನೆಲ್ಲೋ ಇದೆ ಅಂತ ನನಗನ್ನಿಸಿದ್ದು ನನ್ನ ಗಂಡನ ಮಾತಿನಿಂದ. ಅವನು ಸೈಕಲ್‌ನಲ್ಲಿ ಆಫೀಸಿಗೆ ಹೋಗುವವನು. ಸೈಕಲ್ ಲೇನಿನಲ್ಲಿ ಯಾವುದಾದರೂ ಕಾರು ನಿಂತಿದ್ದರೆ ಕಿಟಕಿ ಬಡಿದು ಬೈಯುತ್ತಾನೆ. ಡ್ರೈವರ್ ಒಂದೋ ಸಾರಿ ಅನ್ನುತ್ತಾನೆ, ಇಲ್ಲಾ ತಿರುಗಿ ಬೈಯುತ್ತಾನೆ. ಎರಡರಲ್ಲೂ ಇವನಿಗೆ ಸಮಾಧಾನವೇ. ‘ಇದರಲ್ಲಿ ಯಾರ ಕಿಟಕಿ ಬಡೀಲಿ? ಒಳಗಿರೋದು ನಿನ್ನ ಥರ ಮಲಗಿರೋ ಪ್ಯಾಸೆಂಜರ್’ ಅನ್ನುತ್ತಾನೆ. ಪೊಲೀಸರಿಗೂ ಇದೇ ಕಷ್ಟ ಬಂತು. 2025ರ ಸೆಪ್ಟೆಂಬರಿನಲ್ಲಿ ಪಕ್ಕದ ಸ್ಯಾನ್ ಬ್ರೂನೋದಲ್ಲಿ ಒಂದು ವೇಮೋ ಪೊಲೀಸರ ಕಣ್ಣೆದುರೇ ತಪ್ಪು ಯು ಟರ್ನ್ ಹೊಡೆಯಿತು. ತಡೆದು ನೋಡಿದರೆ ಒಳಗೆ ಯಾರೂ ಇಲ್ಲ. ಚಲನ್ ಹರಿಯುವುದು ಯಾರ ಹೆಸರಿಗೆ? ಕಂಪನಿಗೆ ಫೋನ್ ಮಾಡಿ ಹೇಳಿ ಬಿಟ್ಟು ಕಳಿಸಿದರು. ಇಂಥ ಸಂದರ್ಭದಲ್ಲಿ ಕಂಪನಿಗೇ ನೋಟಿಸ್ ಕೊಡುವ ಕಾನೂನಿಗೆ ಕ್ಯಾಲಿಫೋರ್ನಿಯಾ ಇಟ್ಟ ದಿನ 2026ರ ಜುಲೈ. ಕಾರುಗಳು ಬೀದಿಗಿಳಿದು ಇಷ್ಟು ವರ್ಷವಾದ ಮೇಲೆ!

ಟ್ಯಾಕ್ಸಿಯವರದು ಬೇರೆಯದೇ ಹೊಟ್ಟೆನೋವು. ಏರ್‌ಪೋರ್ಟಿನಿಂದ ಬರುವಾಗ ಸಿಕ್ಕ ಒಬ್ಬ ಪಂಜಾಬಿ ಡ್ರೈವರ್ ಹಿಂದಿಯಲ್ಲಿ ಎಲ್ಲಾ ಹೇಳಿದರು. 2010ರಿಂದ ಈ ನಗರವೇ ಟ್ಯಾಕ್ಸಿ ಪರ್ಮಿಟ್‌ಗಳನ್ನು ತಲಾ ಎರಡೂವರೆ ಲಕ್ಷ ಡಾಲರಿಗೆ ಮಾರಿತ್ತು. ಅವರೂ ಸಾಲ ಮಾಡಿ ಕೊಂಡರು. ಹಿಂದೆಯೇ ಊಬರ್ ಬಂತು. ವೇಮೋ ಬಗ್ಗೆ ಕೇಳಿದೆ. ‘ನಮ್ಮ ಕಥೆ ಊಬರ್ ಬಂದಾಗಲೇ ಮುಗೀತು ಬೆಹನ್‌ಜಿ. ಈಗ ಊಬರಿನವರು ಅಳೋ ಸರದಿ’ ಅಂದು ಜೋರಾಗಿ ನಕ್ಕರು.

ನಮ್ಮಲ್ಲಿ ಈ ವಾದವನ್ನು ಸರ್ಕಾರವೇ ಎತ್ತಿಕೊಂಡಿದೆ. ಡ್ರೈವರುಗಳ ಕೆಲಸ ಹೋಗುತ್ತೆ, ಹಾಗಾಗಿ ಚಾಲಕರಹಿತ ಕಾರನ್ನು ಭಾರತಕ್ಕೆ ಬಿಡುವುದಿಲ್ಲ ಅಂತ ನಿತಿನ್ ಗಡ್ಕರಿ 2017ರಲ್ಲೂ ಹೇಳಿದ್ದರು, 2023ರಲ್ಲೂ ಹೇಳಿದರು. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವ ನನ್ನ ಚಿಕ್ಕಪ್ಪನ ಮಗನಿಗೆ ಆ ಭಯವೂ ಇಲ್ಲ. ‘ಅಕ್ಕಾ, ಕೋನ್ ಇಟ್ರೆ ನಿಲ್ಲುತ್ತೆ ಅಂತೀಯ. ಇಲ್ಲಿ ಪ್ರತಿ ಹತ್ತಡಿಗೂ ಒಂದು ಕೋನ್ ಇದೆ. ಬರ್ಲಿ ಬಿಡು’ ಅಂದ.

ಅದೇ ಬೆಂಗಳೂರಿನಲ್ಲಿ 2025ರ ಆಗಸ್ಟಿನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಶುರುವಾಯಿತು. ಅದರ ರೈಲುಗಳನ್ನು ಡ್ರೈವರ್ ಇಲ್ಲದೆಯೂ ಓಡುವ ಹಾಗೆ ಮಾಡಿದ್ದಾರೆ, ಸದ್ಯಕ್ಕೆ ಒಬ್ಬರನ್ನು ಕೂರಿಸಿಯೇ ಓಡಿಸುತ್ತಾರೆ ಅಷ್ಟೆ. ಆ ಬಗ್ಗೆ ನಮ್ಮ ಗ್ರೂಪಿನಲ್ಲಿ ಒಬ್ಬರೂ ಹೆದರಲಿಲ್ಲ. ರೈಲು ಯಾವಾಗ ಬರುತ್ತೆ, ಯಾಕೆ ಇಷ್ಟು ಲೇಟು ಅನ್ನುವುದೊಂದೇ ತಕರಾರು. ಕಂಬದ ಮೇಲೆ ಹೋಗುವ ರೈಲಿಗೆ ಅಡ್ಡ ದಾಟುವವರು ಯಾರೂ ಇಲ್ಲವಲ್ಲ. ಎಲ್ಲರೂ ಒಳಗಿನವರೇ.

ಕಿಟ್‌ಕ್ಯಾಟ್ ಸತ್ತ ಮೇಲೆ ಆ ಭಾಗದ ಸೂಪರ್‌ವೈಸರ್, ಅಂದರೆ ನಮ್ಮ ಕಾರ್ಪೊರೇಟರ್ ಥರದವರು, ಜಾಕಿ ಫೀಲ್ಡರ್ ಒಂದು ಮಾತು ಎತ್ತಿದರು. ಈ ಕಾರುಗಳು ಬೇಕೋ ಬೇಡವೋ ಅಂತ ಆಯಾ ಕೌಂಟಿಯ, ಅಂದರೆ ಜಿಲ್ಲೆಯ, ಮತದಾರರೇ ತೀರ್ಮಾನಿಸಲಿ, ರಾಜ್ಯ ಅದಕ್ಕೆ ಅವಕಾಶ ಕೊಡಲಿ ಅಂತ. ಹಾಗೆ ಆಗುತ್ತೆ ಅಂತ ನನಗೇನೂ ಅನ್ನಿಸುವುದಿಲ್ಲ. ಆದರೆ ಆ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಮತದಾನ ನಡೆಯಿತು. ನಾನು ಬೇಕು ಅಂದೆ. ನನ್ನ ಗಂಡ ಬೇಡ ಅಂದ. ವಿಡಿಯೋ ಕಾಲ್‌ನಲ್ಲಿದ್ದ ಅತ್ತೆಯನ್ನು ಕೇಳಿದೆವು. ‘ಇರ್ಲಿ ಬಿಡ್ರೋ, ನೀನು ರಾತ್ರಿ ಮನೆಗೆ ಬರೋಕೆ ಬೇಕಲ್ಲ’ ಅಂದರು. ಒಂದು ಕ್ಷಣ ಬಿಟ್ಟು, ‘ದಾವಣಗೆರೆಗೆ ಮಾತ್ರ ಬೇಡ’ ಅಂತ ಸೇರಿಸಿದರು.