ಬೋಡಾ ಬೈಕಿನ ಮೇಲೊಂದು ಡಬ್ಬಿ

ಕೆಲಸದ ಮೇಲೆ ಉಗಾಂಡದ ಕಂಪಾಲಾಕ್ಕೆ ಹೋಗಿ ಒಂದೂವರೆ ವರ್ಷ ಇದ್ದೆ. ಬಿಳಿ ಅಂಗಿ ಹಾಕುವ ಊರಲ್ಲ ಅದು ಅಂತ ಮೊದಲ ವಾರವೇ ಗೊತ್ತಾಯಿತು. ಸಂಜೆ ಮುಖ ಒರೆಸಿದರೆ ಟವೆಲ್ ಕೆಂಪಗಾಗುತ್ತಿತ್ತು. ಮುಖ್ಯ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮಣ್ಣಿನ ದಾರಿ, ಎಲ್ಲೋ ದೂರದ ದೇಶದಲ್ಲಿ ಓಡಿ ಸುಸ್ತಾಗಿ ಇಲ್ಲಿಗೆ ಬಂದ ಹಳೇ ಕಾರುಗಳ ಹೊಗೆ, ಇದ್ದಿಲ ಒಲೆ, ಓಣಿ ಮೂಲೆಯಲ್ಲಿ ಉರಿಯುವ ಕಸ, ಇವೆಲ್ಲಾ ಸೇರಿ ಬೆಳಿಗ್ಗೆ ಗುಡ್ಡಗಳ ನಡುವೆ ಮಂಜಿನ ಹಾಗೆ ಕೂತಿರುತ್ತಿತ್ತು. ನಾನು ಮಂಜು ಅಂದುಕೊಂಡೇ ಫೋಟೊ ತೆಗೆದು ಮನೆಗೆ ಕಳಿಸಿದ್ದೆ!

ಆಮೇಲೆ ಒಂದು ದಿನ ಬೋಡಾದಲ್ಲಿ, ಅಂದರೆ ಅಲ್ಲಿನ ಬೈಕ್ ಟ್ಯಾಕ್ಸಿಯಲ್ಲಿ, ಒಂದು ಡಬ್ಬಿ ಕಟ್ಟಿದ್ದು ಕಂಡಿತು. ಏನಪ್ಪಾ ಇದು ಅಂತ ಕೇಳಿದೆ. 'ಮಕೆರೆರೆಯವರದ್ದು, ಗಾಳಿ ಅಳೆಯೋಕೆ' ಅಂದ ಬೈಕಿನವನು.

ಮಕೆರೆರೆ ಅಂದರೆ ಕಂಪಾಲಾದ ಒಂದು ಗುಡ್ಡದ ಮೇಲಿರುವ ವಿಶ್ವವಿದ್ಯಾಲಯ. 1922ರಲ್ಲಿ 14 ಹುಡುಗರಿಗೆ ಮರಗೆಲಸ, ಕಟ್ಟಡ ಕೆಲಸ, ಮೆಕ್ಯಾನಿಕ್ ಕೆಲಸ ಕಲಿಸುವ ಶಾಲೆಯಾಗಿ ಶುರುವಾದದ್ದು. ಅಲ್ಲಿನ ಕಂಪ್ಯೂಟರ್ ಸೈನ್ಸ್ ಪ್ರೊಫೆಸರ್ ಇಂಜಿನಿಯರ್ ಬೈನೊಮುಗಿಶಾ (ಇಂಜಿನಿಯರ್ ಅನ್ನೋದು ಅವರ ಹೆಸರೇ, ಓದಿನಿಂದ ಬಂದದ್ದಲ್ಲ) ಮತ್ತವರ ತಂಡ 2015ರಲ್ಲಿ ಏರ್‌ಕೋ ಅನ್ನುವ ಕೆಲಸ ಆರಂಭಿಸಿತು. ಗಾಳಿ ಅಳೆಯುವ ದೊಡ್ಡ ಯಂತ್ರಕ್ಕೆ ಹತ್ತಾರು ಸಾವಿರ ಡಾಲರ್ ಬೇಕು, ತಣ್ಣನೆಯ ಕೋಣೆ ಬೇಕು, ಕರೆಂಟ್ ಹೋಗಬಾರದು. ಕಂಪಾಲಾದಲ್ಲಿ ಕರೆಂಟ್ ಹೋಗಬಾರದು ಅಂದರೆ ಹೇಗೆ? ಹಾಗಾಗಿ ಇವರು ಬಿಸಿಲು, ಧೂಳು ತಡೆಯುವ, ಸೋಲಾರ್‌ನಲ್ಲಿ ನಡೆಯುವ, ಮೊಬೈಲ್ ನೆಟ್‌ವರ್ಕ್‌ನಲ್ಲೇ ಲೆಕ್ಕ ಕಳಿಸುವ ಅಗ್ಗದ ಡಬ್ಬಿಯನ್ನು ತಾವೇ ಮಾಡಿಕೊಂಡರು.

ಅಗ್ಗದ ಸೆನ್ಸರ್‌ಗೆ ಅದರದ್ದೇ ಒಂದು ತಲೆನೋವಿದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ನೀರಿನ ಕಣವನ್ನೂ ಧೂಳು ಅಂತ ಎಣಿಸಿಬಿಡುತ್ತದೆ. ದುಬಾರಿ ಯಂತ್ರದ ಪಕ್ಕ ಇಟ್ಟು, ಎರಡರ ಲೆಕ್ಕ ಹೋಲಿಸಿ, ತಪ್ಪನ್ನು ತಿದ್ದುವ ಪ್ರೋಗ್ರಾಂ ಬರೆಯಬೇಕು. ವಿಶ್ವವಿದ್ಯಾಲಯದ ಕೆಲಸ ಅಂದರೆ ನನ್ನ ಪ್ರಕಾರ ಇದೇ. ಡಬ್ಬಿ ಯಾರು ಬೇಕಾದರೂ ತರಿಸಬಹುದು. ಅದು ಈ ಊರಿನ ಮಳೆಗಾಲದಲ್ಲಿ ಹೇಳುವ ಸುಳ್ಳನ್ನು ಹಿಡಿಯೋಕೆ ಈ ಊರಲ್ಲೇ ವರ್ಷಗಟ್ಟಲೆ ಕೂರುವವರು ಬೇಕು, ಅಲ್ವಾ?

ಇಂಥ ಕೆಲಸಕ್ಕೆ 'ಸುಸ್ಥಿರ ಅಭಿವೃದ್ಧಿ' ಅನ್ನುವ ದೊಡ್ಡ ಹೆಸರಿದೆ. ಆ ಹೆಸರು ಕೇಳಿದ ಕೂಡಲೇ ನನಗೆ ಹೋಟೆಲ್ ಹಾಲ್, ಬ್ಯಾನರ್, ಸಾಲಾಗಿ ಜೋಡಿಸಿದ ನೀರಿನ ಬಾಟಲಿ ನೆನಪಾಗುತ್ತವೆ. ಹೀಗೆ ಕೂತು ಕೆಲಸ ಮಾಡುವವರು ನೆನಪಾಗುವುದಿಲ್ಲ.

ಮಕೆರೆರೆ ಪಕ್ಕದ ವಾಂಡೆಗೆಯಾದಲ್ಲಿ ಒಮ್ಮೆ ಕಾಲೊ ತಿಂದೆ. ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸಿ ಮಾಡುತ್ತಾರೆ, ಥೇಟ್ ನಮ್ಮ ಮುದ್ದೆಯ ತಮ್ಮ. ಸಾರು ಮಾತ್ರ ಸಪ್ಪೆ. ನಮ್ಮ ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ್ದೇ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರಲ್ಲ, ಅದೂ ಹೊಲದ ಬದುವಿನಲ್ಲಿ ಕೂತು ಮಾಡಿದ ಕೆಲಸವೇ.

ಊರಿನವರೇ ಅಳೆಯುವುದು ಯಾಕೆ ಮುಖ್ಯ ಅನ್ನುವುದು 2025ರ ಮಾರ್ಚ್‌ನಲ್ಲಿ ಚೆನ್ನಾಗಿ ಗೊತ್ತಾಯಿತು. ಅಮೆರಿಕದ ರಾಯಭಾರ ಕಚೇರಿಗಳು ಬೇರೆ ಬೇರೆ ದೇಶಗಳಲ್ಲಿ ತಮ್ಮ ಕಾಂಪೌಂಡಿನೊಳಗೆ ಗಾಳಿ ಅಳೆದು ಲೆಕ್ಕವನ್ನು ಎಲ್ಲರಿಗೂ ಕೊಡುತ್ತಿದ್ದವು. ಕಂಪಾಲಾದಲ್ಲೂ ಅಂಥ ಯಂತ್ರ ಇತ್ತು. ಖರ್ಚು ಉಳಿಸಬೇಕು ಅಂತ ಲೆಕ್ಕ ಕೊಡುವುದನ್ನೇ ನಿಲ್ಲಿಸಿದರು. ಅವರ ಯಂತ್ರ, ಅವರ ಸ್ವಿಚ್, ಕೇಳೋಕಾಗುತ್ತಾ? ಮಕೆರೆರೆಯ ಡಬ್ಬಿಗಳು ಮಾತ್ರ ನಡೆಯುತ್ತಲೇ ಇದ್ದವು. ಈಗ ಅವು ನೈರೋಬಿ, ಅಕ್ರಾ, ಲಾಗೋಸ್‌ನಲ್ಲೂ ಇವೆ.

ಹಾಗಂತ ಸುಮ್ನೆ ಹೊಗಳಿ ಮುಗಿಸೋಕೂ ಆಗುವುದಿಲ್ಲ. 2019ರಲ್ಲಿ ಈ ತಂಡಕ್ಕೆ ದೊಡ್ಡ ಬಲ ಸಿಕ್ಕಿದ್ದು ಗೂಗಲ್‌ನ ದಾನದ ವಿಭಾಗ ಕೊಟ್ಟ 13 ಲಕ್ಷ ಡಾಲರ್‌ನಿಂದ. ಅದೂ ಹೊರಗಿನವರ ಸ್ವಿಚ್ಚೇ ತಾನೇ! ಸರ್ಕಾರಗಳು ತಮ್ಮ ವಿಶ್ವವಿದ್ಯಾಲಯಕ್ಕೆ ಸಂಬಳದ ಆಚೆಗೆ ಸಂಶೋಧನೆಗೂ ದುಡ್ಡು ಇಡದಿದ್ದರೆ ಇಂಥ ಕೆಲಸ ಅರ್ಜಿಯಿಂದ ಅರ್ಜಿಗೆ ಉಸಿರಾಡುತ್ತಿರುತ್ತದೆ. ಇನ್ನೊಂದು, ಅಳೆದ ಮಾತ್ರಕ್ಕೆ ಗಾಳಿ ತಿಳಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಣ್ಣ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ಒಂದು ಘನ ಮೀಟರ್ ಗಾಳಿಗೆ ವರ್ಷದ ಸರಾಸರಿ 5 ಮೈಕ್ರೊಗ್ರಾಂ ಅಂತ ಗೆರೆ ಹಾಕಿತು. ಕಂಪಾಲಾ ಅದರ ಎಷ್ಟೋ ಪಟ್ಟು ಮೇಲಿದೆ. 15 ವರ್ಷಕ್ಕಿಂತ ಹಳೆಯ ಕಾರು ತರಿಸುವುದನ್ನು ಉಗಾಂಡ 2018ರಲ್ಲೇ ನಿಷೇಧಿಸಿದೆ, ಆದರೆ ಮೊದಲೇ ಬಂದವು ಓಡುತ್ತಲೇ ಇವೆ.

ನಾನು ಯಾವಾಗಲೂ ಹೋಗುತ್ತಿದ್ದ ಬೋಡಾದವನಿಗೆ ಒಮ್ಮೆ ಏರ್‌ಕೋ ಆ್ಯಪ್ ತೋರಿಸಿದೆ. 'ಇದನ್ನು ನನ್ನ ಮೂಗು ಹತ್ತು ವರ್ಷದಿಂದ ಹೇಳ್ತಾ ಇದೆ' ಅಂತ ನಕ್ಕ. ಎರಡು ದಿನ ಬಿಟ್ಟು ಅವನೇ ಬೈಕ್ ನಿಲ್ಲಿಸಿ, ಮಗಳ ಶಾಲೆ ಹತ್ತಿರ ಎಷ್ಟಿದೆ ನೋಡಿ ಹೇಳಿ ಅಂದ. ಹುಡುಕಿದೆ. ಶಾಲೆ ಹತ್ತಿರ ಡಬ್ಬಿ ಇರಲಿಲ್ಲ. ಸ್ವಲ್ಪ ದೂರದ ಇನ್ನೊಂದು ರಸ್ತೆಯದ್ದನ್ನು ತೋರಿಸಿದೆ, ಅವನು ಫೋನನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದ.