ರೈಡ್ ಕ್ಷೇತ್ರದ 54 ಮತಗಳು

2023ರ ಮಾರ್ಚ್ 25, ಶನಿವಾರ. ನ್ಯೂ ಸೌತ್ ವೇಲ್ಸ್ ರಾಜ್ಯದ ಚುನಾವಣೆ. ಆಸ್ಟ್ರೇಲಿಯಾದ ಪೌರತ್ವ ಸಿಕ್ಕ ಮೇಲೆ ಇಲ್ಲಿನ ವಿಧಾನಸಭೆಗೆ ನಾನು ಮತ ಹಾಕಿದ್ದು ಅದೇ ಮೊದಲು. ನಮ್ಮದು ರೈಡ್ ಕ್ಷೇತ್ರ. ರೈಡ್, ವೆಸ್ಟ್ ರೈಡ್, ಡೆನಿಸ್ಟನ್, ಈಸ್ಟ್‌ವುಡ್, ಹೀಗೆ ಸಿಡ್ನಿಯ ಒಂದಿಷ್ಟು ಬಡಾವಣೆಗಳು ಸೇರಿ ಆದದ್ದು. ಈಸ್ಟ್‌ವುಡ್ ಸ್ಟೇಷನ್‌ನಲ್ಲಿ ಇಳಿದರೆ ಚೀನೀ, ಕೊರಿಯನ್ ಅಂಗಡಿಗಳೇ ಜಾಸ್ತಿ. ನಡುನಡುವೆ ನಮ್ಮಂಥವರ ಮನೆಗಳೂ ಇವೆ.

ಮತಗಟ್ಟೆ ಇದ್ದದ್ದು ಒಂದು ಶಾಲೆಯಲ್ಲಿ. ಗೇಟಿನ ಹೊರಗೆ ಪಕ್ಷಗಳವರು ಚೀಟಿ ಹಿಡಿದು ನಿಂತಿದ್ದರು. ಇಲ್ಲಿ ಮತಚೀಟಿಯಲ್ಲಿ ಅಭ್ಯರ್ಥಿಗಳ ಹೆಸರಿನ ಪಕ್ಕದ ಚೌಕಗಳಲ್ಲಿ ನಮಗೆ ಬೇಕಾದ ಕ್ರಮದಲ್ಲಿ 1, 2, 3 ಅಂತ ನಂಬರ್ ಬರೆಯುತ್ತೇವೆ. ಯಾರಿಗೆ 1, ಯಾರಿಗೆ 2 ಕೊಡಬೇಕು ಅಂತ ಪಕ್ಷಗಳ ಚೀಟಿಯಲ್ಲೇ ಅಚ್ಚಾಗಿತ್ತು. ಬೇರೆ ಬೇರೆ ಪಕ್ಷದವರು ಪಕ್ಕಪಕ್ಕದಲ್ಲೇ ನಿಂತು ಹರಟೆ ಹೊಡೆಯುತ್ತಿದ್ದರು. ಅದನ್ನು ನೋಡಿ ನನಗೆ ತುಂಬಾ ಸಂತೋಷವಾಯಿತು. ಆಚೆ ಮಕ್ಕಳ ಅಪ್ಪ ಅಮ್ಮಂದಿರು ಶಾಲೆಗೆ ದುಡ್ಡು ಕೂಡಿಸಲು ಸಾಸೇಜ್ ಸುಡುತ್ತಿದ್ದರು. ಸಸ್ಯಾಹಾರಿಗಳಾದ ನಮಗೆ ಕೇಕ್ ಸಿಕ್ಕಿತು.

ಒಳಗೆ ಹೆಸರು, ವಿಳಾಸ ಕೇಳಿದರು. ಈ ಚುನಾವಣೆಯಲ್ಲಿ ಈಗಾಗಲೇ ಮತ ಹಾಕಿದ್ದೀರಾ ಅಂತ ಕೇಳಿದರು. ಅಷ್ಟೇ. ಕಾರ್ಡ್ ತೋರಿಸಬೇಕಿಲ್ಲ, ಬೆರಳಿಗೆ ಮೈಸೂರಿನ ಶಾಯಿ ಇಲ್ಲ. ಆದರೆ ಮತ ಹಾಕದಿದ್ದರೆ 55 ಡಾಲರ್ ದಂಡ!

ಕ್ಯೂನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿ, ಕನ್ನಡದಲ್ಲೇ ಮೆಲ್ಲಗೆ ಕೇಳಿದರು: “ಒಂದು ನಂಬರ್ ಬರೆದರೆ ಸಾಕಂತೆ, ಹೌದಾ?” ಹೌದು, ಸಾಕು. ಇಲ್ಲಿನ ಕೇಂದ್ರ ಚುನಾವಣೆಯಲ್ಲಿ ಕೆಳಮನೆಯ ಚೀಟಿಯಲ್ಲಿ ಎಲ್ಲ ಚೌಕಗಳಿಗೂ ನಂಬರ್ ಹಾಕಲೇಬೇಕು. ಈ ರಾಜ್ಯದ ವಿಧಾನಸಭೆಗೆ 1 ಮಾತ್ರ ಬರೆದರೂ ಮತ ಸರಿಯೇ. ಆದರೆ ನೀವು 1 ಕೊಟ್ಟವರು ಕಡಿಮೆ ಮತ ಬಂದು ಎಣಿಕೆಯಲ್ಲಿ ಹೊರಬಿದ್ದರೆ ನಿಮ್ಮ ಚೀಟಿ 2 ಇರುವವರಿಗೆ ಹೋಗುತ್ತದೆ. 2 ಇಲ್ಲದಿದ್ದರೆ ಚೀಟಿ ಅಲ್ಲಿಗೇ ನಿಂತುಬಿಡುತ್ತದೆ. ಕೊನೆಗೆ ಉಳಿಯುವ ಇಬ್ಬರ ನಡುವೆ ನಿಮ್ಮ ಮಾತೇ ಇರುವುದಿಲ್ಲ. ಇಷ್ಟನ್ನು ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋದರು. ನಾನು ಎಲ್ಲ ಚೌಕಗಳನ್ನೂ ತುಂಬಿದೆ. ಮೇಲ್ಮನೆಯ ಚೀಟಿಯಂತೂ ಮೇಜುಬಟ್ಟೆಯಷ್ಟು ದೊಡ್ಡದು, ಅದನ್ನು ಮಡಚುವುದೇ ಒಂದು ಕೆಲಸ.

ಅವತ್ತು ರಾತ್ರಿಯೇ ಸರ್ಕಾರ ಬದಲಾಯಿತು ಅಂತ ಗೊತ್ತಾಯಿತು. ಕ್ರಿಸ್ ಮಿನ್ಸ್ ನೇತೃತ್ವದ ಲೇಬರ್ ಪಕ್ಷ ಗೆದ್ದಿತ್ತು. ಆದರೆ 93 ಸ್ಥಾನಗಳಲ್ಲಿ ಬಹುಮತಕ್ಕೆ 47 ಬೇಕು. ಅದು ಸಿಗುತ್ತದಾ ಇಲ್ಲವಾ ಅನ್ನುವುದು ಕೆಲವೇ ಕ್ಷೇತ್ರಗಳ ಮೇಲೆ ನಿಂತಿತ್ತು. ಅದರಲ್ಲಿ ನಮ್ಮ ರೈಡ್ ಒಂದು! 2008ರ ಉಪಚುನಾವಣೆಯಿಂದ ಇಲ್ಲಿ ಶಾಸಕರಾಗಿದ್ದ ಲಿಬರಲ್ ಪಕ್ಷದ ವಿಕ್ಟರ್ ಡೊಮಿನೆಲ್ಲೊ ಈ ಸಲ ನಿಂತಿರಲಿಲ್ಲ. ಅವರ ಪಕ್ಷದಿಂದ ಜೋರ್ಡನ್ ಲೇನ್, ಲೇಬರ್‌ನಿಂದ ಲಿಂಡಲ್ ಹೋವಿಸನ್. ಅಂಚೆ ಮತಗಳು ಬರುತ್ತಲೇ ಇದ್ದವು, ಎಣಿಕೆ ನಡೆಯುತ್ತಲೇ ಇತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಮೊದಲು ನೋಡುತ್ತಿದ್ದದ್ದೇ ಆ ಅಂಕಿ. ಕೊನೆಗೆ ಲೇನ್ 50 ಮತ ಮುಂದೆ. ಮರು ಎಣಿಕೆ ಆಯಿತು. ಅಂತರ 54. ಲೇನ್ ಗೆದ್ದರು. ಲೇಬರ್ 45ಕ್ಕೆ ನಿಂತಿತು, ಬಹುಮತಕ್ಕೆ ಎರಡು ಕಡಿಮೆ.

ಐವತ್ತು ಸಾವಿರಕ್ಕೂ ಜಾಸ್ತಿ ಮತದಾರರಿರುವ ಕಡೆ 54! ನಮ್ಮ ಬೀದಿಯಲ್ಲಿ ಮತ ಹಾಕುವವರೇ ಅದಕ್ಕಿಂತ ಜಾಸ್ತಿ ಇದ್ದಾರೆ. ನಡುವೆಯೇ ನಿಂತುಹೋದ ಚೀಟಿಗಳು ಈ ಅಂತರದ ಎಷ್ಟೋ ಪಟ್ಟು. ಯಾರು ಗೆದ್ದರು ಅನ್ನುವುದಕ್ಕಿಂತ ಇದೇ ನನ್ನನ್ನು ಕಾಡಿತು.

ಇದಾಗಿ ಎರಡು ತಿಂಗಳೊಳಗೆ ಕರ್ನಾಟಕದಲ್ಲೂ ಚುನಾವಣೆ. ಬೆಂಗಳೂರಿನ ಜಯನಗರದಲ್ಲಿ ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರನ್ನು ಸೋಲಿಸಿದ್ದು ಬರೀ 16 ಮತಗಳಿಂದ. ಅಲ್ಲಿ 2, 3 ಅಂತ ಬರೆಯುವ ಅವಕಾಶವೇ ಇಲ್ಲ, ಒಂದು ಗುಂಡಿ ಒತ್ತಿದರೆ ಮುಗಿಯಿತು. ನಮಗೆ ಇಲ್ಲಿ ಆ ಅವಕಾಶ ಇದೆ. ಇದ್ದೂ ಸುಮ್ನೆ ಖಾಲಿ ಬಿಡುವುದು ಸರಿಯಲ್ಲ, ಅಲ್ವಾ?

ಹೊಸದಾಗಿ ಪೌರತ್ವ ಪಡೆದ ಕನ್ನಡದವರು ಮನೆಗೆ ಬಂದಾಗ ಈಗ ಕಾಗದದ ಮೇಲೆ ಚೌಕ ಬರೆದು ತೋರಿಸುತ್ತೇನೆ. ಮುಂದಿನ ರಾಜ್ಯ ಚುನಾವಣೆ 2027ರ ಮಾರ್ಚ್‌ನಲ್ಲಿ. ಒಬ್ಬ ಗೆಳೆಯ ಮಾತ್ರ ಇನ್ನೂ ಒಪ್ಪಿಲ್ಲ. “ನನಗೆ ಬೇಡದವರಿಗೆ ಐದನೇ ನಂಬರನ್ನೂ ಯಾಕೆ ಕೊಡಲಿ?” ಅನ್ನುತ್ತಾನೆ. ಬೇಡದವರಲ್ಲೂ ತೀರಾ ಬೇಡದವರು ಇರುತ್ತಾರಲ್ಲ ಅನ್ನುತ್ತೇನೆ ನಾನು. ಈ ವಾದ ಇನ್ನೂ ಮುಗಿದಿಲ್ಲ.