ಅಪ್ಪ ಮನೇಲಿಲ್ಲ ಅಂತ ಹೇಳು

ಸ್ಪೈ ಕಾದಂಬರಿ ಅಂತ ತಗೊಂಡಿದ್ದು, ಗನ್ನೂ ಇಲ್ಲ ಚೇಸೂ ಇಲ್ಲ, ಶುರುವಿನಲ್ಲಿ ಯಾರು ಯಾರ ವಿಷಯ ಹೇಳ್ತಿದಾರೆ ಅಂತಾನೇ ಗೊತ್ತಾಗದೆ ಎರಡು ಸಲ ಮುಚ್ಚಿಟ್ಟೆ. ಜಾನ್ ಲೆ ಕಾರೆ ಬರೆದ 'ಎ ಪರ್ಫೆಕ್ಟ್ ಸ್ಪೈ', 1986ರದ್ದು. ಮೂರನೇ ಸಲ ಹಿಡಿದಾಗ ರಿಕ್ ಸಿಕ್ಕಿದ, ಆಮೇಲೆ ರಾತ್ರಿ ನಿದ್ದೆ ಕೆಟ್ಟಿದ್ದೇ.

ಮ್ಯಾಗ್ನಸ್ ಪಿಮ್ ಬ್ರಿಟಿಷ್ ಗುಪ್ತಚರ. ಅವನಪ್ಪ ರಿಕ್ ಸತ್ತ, ಪಿಮ್ ಅಂತ್ಯಕ್ರಿಯೆ ಮುಗಿಸಿ ವಾಪಸ್ ಹೋಗಲೇ ಇಲ್ಲ. ಹೆಂಡತಿ, ಆಫೀಸು, ಎಲ್ಲಾ ಹುಡುಕ್ತಿದ್ರೆ ಇವನು ಇಂಗ್ಲೆಂಡಿನ ಡೆವನ್ ಕಡಲತೀರದಲ್ಲಿ ಒಬ್ಬ ಅಜ್ಜಿ ಮನೆ ಬಾಡಿಗೆ ರೂಮಲ್ಲಿ ಬೇರೆ ಹೆಸರಲ್ಲಿ ಕೂತು ಬರೀತಿದಾನೆ, ಹೆಚ್ಚಾಗಿ ಮಗ ಟಾಮ್‌ಗೆ. ವರ್ಷಗಟ್ಟಲೆ ಜೆಕ್‌ನವರಿಗೆ ಗುಟ್ಟು ಕೊಟ್ಟಿರೋ ಆಸಾಮಿ ಇವನು. ಕಮ್ಯುನಿಸಂ ಮೇಲಿನ ಪ್ರೀತಿಗಲ್ಲ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಓದುವಾಗ ಅದೇ ಮನೇಲಿದ್ದ ಆಕ್ಸೆಲ್ ಅನ್ನೋ ನಿರಾಶ್ರಿತ ಗೆಳೆಯನ ವಿಷಯ ಬ್ರಿಟಿಷರಿಗೆ ಹೇಳ್ಬಿಟ್ಟಿರ್ತಾನೆ, ಆಕ್ಸೆಲ್‌ನ ಎಳ್ಕೊಂಡು ಹೋಗ್ತಾರೆ. ಅದೇ ಆಕ್ಸೆಲ್ ಮುಂದೆ ಜೆಕ್ ಗುಪ್ತಚರನಾಗಿ ಎದುರು ಬಂದಾಗ ಇವನಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಗೆಳೆಯನಿಗೆ ಮಾಡಿದ ದ್ರೋಹದ ಸಾಲ ದೇಶಕ್ಕೆ ದ್ರೋಹ ಮಾಡಿ ತೀರಿಸ್ತಾನೆ, ಹುಚ್ಚು ಲೆಕ್ಕ, ಆದ್ರೆ ಓದುವಾಗ ಸರಿ ಅನ್ಸುತ್ತೆ ನೋಡಿ.

ರಿಕ್ ಮಾತ್ರ ಅಪ್ಪಟ ಫೋರ್‌ಟ್ವೆಂಟಿ. ಇವತ್ತು ದೊಡ್ಡ ಕಾರು ಕುದುರೆ ರೇಸು, ನಾಳೆ ಸಾಲಗಾರರು, ಮಧ್ಯೆ ಜೈಲು. ಟೋಪಿ ಹಾಕಿಸ್ಕೊಂಡೋರೇ ಅವನನ್ನ ತಬ್ಬಿಕೊಂಡು ಅಳ್ತಾರೆ. ಅಂಥವನ ಮಗನಿಗೆ ಎದುರಿಗೆ ಇರೋರಿಗೆ ಏನು ಬೇಕೋ ಅದೇ ಆಗೋದು ಅಂಗನವಾಡಿ ಪಾಠ. ಆಫೀಸಿನೋರು ಕಲಿಸೋದಕ್ಕೆ ಏನೂ ಉಳಿದಿರಲಿಲ್ಲ.

ಇದೆಲ್ಲ ಬರೀ ಕಲ್ಪನೆ ಅಲ್ಲ. ಲೆ ಕಾರೆ ನಿಜವಾದ ಹೆಸರು ಡೇವಿಡ್ ಕಾರ್ನ್‌ವೆಲ್, ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳಾದ ಎಂಐ5 ಎಂಐ6 ಎರಡರಲ್ಲೂ ಕೆಲಸ ಮಾಡಿದೋರು. ಅಪ್ಪ ರಾನಿ ಇದೇ ಥರ ವಂಚಕ, ಜೈಲೂ ನೋಡಿದ್ದ. ಅಮ್ಮ ಇವರಿಗೆ ಐದು ವರ್ಷ ಆಗಿದ್ದಾಗ ಬಿಟ್ಟು ಹೋದ್ರು. ರಾನಿ 1975ರಲ್ಲಿ ತೀರಿಕೊಂಡಾಗ ಮಗ ಅಂತ್ಯಕ್ರಿಯೆ ಖರ್ಚು ಕೊಟ್ರು, ಆದ್ರೆ ತಾವು ಹೋಗ್ಲಿಲ್ಲ. ಇದು ಗೊತ್ತಾದ ಮೇಲೆ ಕಾದಂಬರಿಯ ಆ ಅಂತ್ಯಕ್ರಿಯೆ ಪುಟಗಳನ್ನ ಇನ್ನೊಂದು ಸಲ ಓದಿದೆ. (ಹೆಂಗಸರನ್ನ ಬರೆಯೋದ್ರಲ್ಲಿ ಮಾತ್ರ ಸೊರಗಿದಾರೆ, ಪಿಮ್ ಹೆಂಡತಿ ಮೇರಿಗೆ ಇನ್ನೂ ಜಾಗ ಕೊಡ್ಬೇಕಿತ್ತು.)

ನಮ್ಮಪ್ಪ ರಿಕ್ ಏನಲ್ಲ ಬಿಡಿ, ಪಾಪದ ಮನುಷ್ಯ. ಆದ್ರೆ ತಿಂಗಳ ಕೊನೇಲಿ ಚೀಟಿ ಅಂಕಲ್ ಸೈಕಲ್ ಸದ್ದು ಕೇಳಿದ್ರೆ ಅಡುಗೆಮನೆಗೆ ಹೋಗಿ ನಿಂತ್ಕೊಂಡು 'ಅಪ್ಪ ಮನೇಲಿಲ್ಲ ಅಂತ ಹೇಳೋ' ಅಂತಿದ್ರು. ನಂಗೆ ಆಗ ಏಳೋ ಎಂಟೋ. ಒಂದಿನ ಅಂಕಲ್ ಬಾಗಿಲ ಹತ್ರ ಬಗ್ಗಿ ನೋಡಿ 'ಮತ್ತೆ ಈ ಚಪ್ಪಲಿ ಯಾರ್ದೋ ಮರಿ' ಅಂದ್ರು.

'ಮಾವಂದು, ಊರಿಂದ ಬಂದಿದಾರೆ, ಮಲ್ಗಿದಾರೆ' ಅಂದೆ.

ಮಲ್ಗಿದಾರೆ ಅನ್ನೋದನ್ನ ಯಾರೂ ಹೇಳ್ಕೊಟ್ಟಿರಲಿಲ್ಲ.